ಕನ್ನಡ ಮಾತ್ರ ಬಲ್ಲ ಹೆಂಡತಿ

ಹಯವದನನ ಹೆಂಡತಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬರುತ್ತಿರಲಿಲ್ಲ. ಹಯವದನನಿಗೆ ಹೆಂಡತಿಯೂ ಇರಲಿಲ್ಲ. ಮೊದಲನೆಯ ಸಂಗತಿಯನ್ನು ಸೂರತ್ತಿನ ಅಡಾಜಣ್ ಬಡಾವಣೆಯ ಶ್ರೀ ಸೌಭಾಗ್ಯ ಹೌಸಿಂಗ್ ಸೊಸೈಟಿಯ ಇಪ್ಪತ್ತನಾಲ್ಕು ಮನೆಗಳವರೂ ಬಲ್ಲವರಾಗಿದ್ದರು. ಎರಡನೆಯದನ್ನು ಬಲ್ಲವರು ಇಬ್ಬರೇ: ಹಯವದನ, ಮತ್ತು ಅದೇ ಊರಿನ ಉಧ್ನಾದಲ್ಲಿ ಉಡುಪಿ ಹೋಟೆಲು ನಡೆಸುತ್ತಿದ್ದ ಸದಾಶಿವ ಭಟ್ಟರು.

ಗುಜರಾತಿನ ಕನ್ನಡಿಗರು ಈ ಸಂಗತಿಯನ್ನು ಊರಿಗೊಂದು ಬಗೆಯಲ್ಲಿ ಹೇಳುತ್ತಾರೆ. ಅಹಮದಾಬಾದಿನವರ ಬಾಯಲ್ಲಿ ಹಯವದನ ಬ್ಯಾಂಕಿನವನು. ವಡೋದರೆಯವರ ಬಾಯಲ್ಲಿ ಅವನಿಗೆ ಬೋಳುತಲೆ. ಸೂರತ್ತಿನವರ ಪಾಠದಲ್ಲಿ ಅವನು ವಿಮಾ ಕಚೇರಿಯ ಅಧಿಕಾರಿ, ನೆತ್ತಿಯ ಮೇಲೆ ಇನ್ನೂ ಒಂದಿಷ್ಟು ಕೂದಲು ಉಳಿಸಿಕೊಂಡವನು. ಘಟನೆ ನಡೆದದ್ದು ಸೂರತ್ತಿನಲ್ಲೇ ಆದ್ದರಿಂದ ಇಲ್ಲಿ ಅವರ ಪಾಠವನ್ನು ಅನುಸರಿಸಿದೆ. ಹೊಸ ಶತಮಾನ ಹುಟ್ಟಿ ಎರಡು ಮೂರು ವರ್ಷವಾಗಿತ್ತೆಂಬ ವಿಷಯದಲ್ಲಿ ಮಾತ್ರ ಮೂರು ಊರಿನವರಿಗೂ ಒಮ್ಮತವಿದೆ.

ಹಯವದನನಿಗೆ ಆಗ ನಲವತ್ತೊಂದು. ಊರಿನಲ್ಲಿ ಇಪ್ಪತ್ತಾರು ಹೆಣ್ಣುಗಳನ್ನು ನೋಡಿ ಬಂದಿದ್ದ. ಅವನೇ ಹೇಳಿಕೊಳ್ಳುತ್ತಿದ್ದ ಹಾಗೆ, ಇಪ್ಪತ್ತಾರು ಹೆಣ್ಣುಗಳು ಅವನನ್ನು ನೋಡಿ ಬಿಟ್ಟಿದ್ದವು. ಮೊದಮೊದಲು ಜಾತಕ ಕೂಡಿಬರಲಿಲ್ಲ, ಆಮೇಲೆ ವರ್ಗಾವಣೆಯ ಊರು ಕೂಡಿಬರಲಿಲ್ಲ, ಕೊನೆಕೊನೆಗೆ ಮುಖವೇ ಕೂಡಿಬರಲಿಲ್ಲ. ‘ನಾನು ಬಸ್ಸಿನಲ್ಲಿ ಯಾರೋ ಬಿಟ್ಟುಹೋದ ಕೊಡೆಯ ಹಾಗೆ,’ ಎಂದು ಅವನು ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಿದ್ದ. ‘ಎಲ್ಲರೂ ಎತ್ತಿ ನೋಡುತ್ತಾರೆ, ತಮ್ಮದಲ್ಲವೆಂದು ಇಟ್ಟುಬಿಡುತ್ತಾರೆ.’

ಅವನೊಬ್ಬನೇ ಹಾಗಿದ್ದನೆಂದಲ್ಲ. ಅವನ ಕಚೇರಿಯೊಂದರಲ್ಲೇ ಮದುವೆಯಾಗದವರು ಐವರು, ಆಗಿ ಬಿಡಿಸಿಕೊಂಡವರು ಇಬ್ಬರು, ಆಗುವ ಯೋಚನೆಯನ್ನೇ ಬಿಟ್ಟವನು ಒಬ್ಬ. ಒಂಟಿ ಜನ ವರ್ಷವರ್ಷಕ್ಕೂ ಹೆಚ್ಚುತ್ತಿದ್ದರು. ಅವರಿಗೆ ಸಿಗುವ ಮನೆಗಳು ಮಾತ್ರ ಹೆಚ್ಚುತ್ತಿರಲಿಲ್ಲ. ಹೌಸಿಂಗ್ ಸೊಸೈಟಿಗಳು ಒಂಟಿ ಗಂಡಸನ್ನು ರೈಲು ನಿಲ್ದಾಣದಲ್ಲಿ ವಾರಸುದಾರರಿಲ್ಲದೆ ಬಿದ್ದ ಸೂಟ್‌ಕೇಸನ್ನು ನೋಡುವಂತೆ ನೋಡುತ್ತಿದ್ದವು. ಅಹಮದಾಬಾದಿನ ಮಣಿನಗರದಲ್ಲಿ ಒಂದು ಸಲ, ವಡೋದರೆಯಲ್ಲಿ ಎರಡು ಸಲ ಹಯವದನನ ಪೆಟ್ಟಿಗೆ, ಹಾಸಿಗೆ, ಇಡ್ಲಿಪಾತ್ರೆಗಳು ಬೀದಿಗೆ ಬಂದಿದ್ದವು. ಅವನು ಕುಡಿಯುವವನಲ್ಲ, ಕೂಗಾಡುವವನಲ್ಲ. ಆದರೂ ವಡೋದರೆಯ ಒಬ್ಬ ಮಾಲೀಕರು, ‘ನಿಮ್ಮ ಮೇಲೆ ಒಂದು ದೂರೂ ಇಲ್ಲ, ಅದೇ ನಮಗೆ ಭಯ,’ ಎಂದು ಹೇಳಿ ಕಳಿಸಿದ್ದರು.

ಹೀಗಾಗಿ ಸೂರತ್ತಿಗೆ ವರ್ಗವಾಗಿ ಬಂದು ಶ್ರೀ ಸೌಭಾಗ್ಯದ ಚೇರ್ಮನ್ನರಾದ ರಮಣಿಕ್‌ಭಾಯ್ ಎದುರು ಕುಳಿತಾಗ, ಅವರು ‘ಭಾಭೀಜಿ ಇದ್ದಾರಷ್ಟೆ?’ ಎಂದು ಕೇಳಿದ ಕೂಡಲೆ ಹಯವದನನ ತಲೆ ಅವನ ಅಪ್ಪಣೆಯಿಲ್ಲದೆ ಹೌದೆಂದು ಆಡಿತು. ತಲೆ ಒಮ್ಮೆ ಆಡಿದ ಮೇಲೆ ನಾಲಿಗೆ ಅದರ ಹಿಂದೆ ಹೋಗಲೇಬೇಕಾಯಿತು.

“ಇದ್ದಾಳೆ. ತುಂಬ ಸಂಕೋಚದವಳು. ಹೊರಗೆ ಬರುವುದೇ ಇಲ್ಲ. ಪಾಪ, ಕನ್ನಡ ಬಿಟ್ಟು ಬೇರೆ ಭಾಷೆಯೂ ಬರುವುದಿಲ್ಲ.”

ಆ ಒಂದು ವಾಕ್ಯ ಎಂಟು ತಿಂಗಳು ಕೋಟೆಯಂತೆ ನಿಂತಿತು. ಸಂಕೋಚವನ್ನು ಶ್ರೀ ಸೌಭಾಗ್ಯದ ಹೆಂಗಸರು ಒಂದು ವಾರದಲ್ಲಿ ಮುರಿದುಹಾಕುತ್ತಿದ್ದರು. ಭಾಷೆಯನ್ನು ಮುರಿಯುವುದು ಅವರಿಂದಲೂ ಆಗಲಿಲ್ಲ.

ಕೋಟೆಗೆ ಬಾವುಟ ಬೇಕೆಂದು ಸೂಚಿಸಿದವರು ಸದಾಶಿವ ಭಟ್ಟರು. “ಬಾಲ್ಕನಿಯಲ್ಲಿ ಸೀರೆ ಒಣಗದಿದ್ದರೆ ಯಾರು ನಂಬುತ್ತಾರೆ ಮಾರಾಯ್ರೇ?” ಎಂದು ತಮ್ಮ ಹೆಂಡತಿ ಇಂದಿರಾ ಅವರ ಮೂರು ಹಳೆಯ ಸೀರೆಗಳನ್ನು ಕೊಟ್ಟರು. ಹಯವದನ ದಿನಕ್ಕೊಂದರಂತೆ ಒಗೆದು ಹರವಿದ. ಸೀರೆಯ ನಗರವಾದ ಸೂರತ್ತಿನಲ್ಲಿ ಅದರ ಫಲ ಇನ್ನೊಂದು ಬಗೆಯದಾಯಿತು. “ಸೂರತ್‌ನಲ್ಲಿದ್ದು ಹೆಂಡತಿಗೆ ಮೂರೇ ಸೀರೆಯೇ? ಎಂಥ ಕಂಜೂಸ್!” ಎಂದು ಹೆಂಗಸರು ಮಾತಾಡಿಕೊಂಡರು. ಇಲ್ಲದ ಹೆಂಡತಿಯನ್ನು ಚೆನ್ನಾಗಿ ನೋಡಿಕೊಳ್ಳದ ಅಪಕೀರ್ತಿಯೂ ಅವನಿಗೆ ಬಂದಿತು.

ಗೋಡೆಯಾಚೆಗೆ ಕೇಳಿಸಲೆಂದು ಅವನು ಸಂಜೆಯ ಹೊತ್ತು ಗಟ್ಟಿಯಾಗಿ ಕನ್ನಡದಲ್ಲಿ ಮಾತಾಡುತ್ತಿದ್ದ. ಅವಳಿಗೆ ಪದ್ಮಾವತಿ ಎಂದು ಹೆಸರಿಟ್ಟ. ವಾರಕ್ಕೊಮ್ಮೆ ಜಗಳವನ್ನೂ ಆಡಿದ. ಆ ಜಗಳಗಳಲ್ಲಿ ಬಹುಪಾಲು ಸೋಲುತ್ತಿದ್ದವನು ಅವನೇ.

*

ಕೋಟೆ ಬಿದ್ದದ್ದು ಶ್ರಾವಣದ ಒಂದು ರಜಾದಿನ, ಬೆಳಗಿನ ಎಂಟು ಗಂಟೆಗೆ. ಹಯವದನ ಹಸಿರು ಸೀರೆಯನ್ನು ಹಿಂಡಿ ಹರವಿ ಒಳಗೆ ಬರುವಷ್ಟರಲ್ಲಿ ಮೆಟ್ಟಿಲಿನಿಂದ ಒಂದು ಕಂಠ ಮೇಲೇರಿ ಬಂದಿತು.

“ಏ ಭಾಯ್, ಸಾವಕಾಶ! ಅದು ನಮ್ಮಜ್ಜಿ ಕಾಲದ ರುಬ್ಬೋ ಕಲ್ಲು. ಕಾಲ ಮ್ಯಾಲ ಬಿದ್ರ ನಿನ್ನ ಮೊಮ್ಮಕ್ಕಳೂ ಕುಂಟತಾವ!”

ಎರಡು ಗಡಿ ದಾಟಿ ಬಂದ ತಾಯ್ನುಡಿ ಕಿವಿಗೆ ಬಿದ್ದರೆ ಪರನಾಡಿನಲ್ಲಿದ್ದವನಿಗೆ ಕಣ್ಣು ತುಂಬುತ್ತದೆ ಎನ್ನುತ್ತಾರೆ. ಹಯವದನನಿಗೆ ಬೆವರು ತುಂಬಿತು.

ಇಪ್ಪತ್ತು ನಿಮಿಷದಲ್ಲಿ ಕರೆಗಂಟೆ ಬಡಿಯಿತು. ಬಾಗಿಲಲ್ಲಿ ಚೇರ್ಮನ್ನರ ಹೆಂಡತಿ ಹಂಸಾಬೆನ್. ಅವರು ಹಿಂದಿಯನ್ನು ಗುಜರಾತಿಯಲ್ಲಿ ಅದ್ದಿ ಮಾತಾಡುತ್ತಿದ್ದರು, ಅದೂ ಎರಡು ಮಹಡಿಗೆ ಕೇಳಿಸುವಷ್ಟು. ಅವರ ಪಕ್ಕದಲ್ಲಿ ಸುಮಾರು ಮೂವತ್ತೇಳರ ಹೆಂಗಸು: ಎತ್ತರದ ನಿಲುವು, ದಪ್ಪ ಕನ್ನಡಕ, ಕೊರಳಲ್ಲಿ ಕರಿಮಣಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ರೀತಿಯಲ್ಲೇ ಒಂದು ಶಾಲೆಯನ್ನು ನಡೆಸಬಲ್ಲ ಖಚಿತತೆ.

“ಹಯವದನ್‌ಭಾಯ್, ನಿಮ್ಮ ಭಾಗ್ಯ ತೆರೀತು!” ಎಂದರು ಹಂಸಾಬೆನ್. “ಇವರು ಮಂದಾಕಿನೀಬೆನ್, ಹುಬ್ಬಳ್ಳಿಯವರು. ಇವರ ಪತಿ ಪದ್ಮನಾಭ್‌ಭಾಯ್ ರೈಲ್ವೆಯಲ್ಲಿದ್ದಾರೆ. ನಿಮ್ಮ ಕೆಳಗಿನ ಫ್ಲ್ಯಾಟ್. ಇನ್ನು ನಮ್ಮ ಪದ್ಮಾಭಾಭಿ ಮೂಗಿಯ ಹಾಗೆ ಕೂರಬೇಕಾಗಿಲ್ಲ. ಕರೆಯಿರಿ!”

“ಸ್ನಾನಕ್ಕೆ ಹೋಗಿದ್ದಾಳೆ.”

“ಸೀರೆ ಒಗೆದು ಹಾಕಿದ ಮೇಲೆ ಸ್ನಾನವೇ?”

“ಅವಳದು ಹಾಗೆಯೇ,” ಎಂದ ಹಯವದನ. ಒಂದು ಕ್ಷಣ ಅವನಿಗೆ ನಿಜವಾಗಿಯೂ ಪದ್ಮಾವತಿಯ ಮೇಲೆ ಸಿಟ್ಟು ಬಂದಿತು.

“ಆಗಲ್ರೀ,” ಎಂದಳು ಮಂದಾಕಿನಿ ಕನ್ನಡದಲ್ಲಿ, “ಅವಸರ ಏನಿಲ್ಲ. ಆಮ್ಯಾಲ ಬರ್ತೀನಿ. ಇಡೀ ದಿನ ಇಲ್ಲೇ ಇರ್ತೀನಲ್ಲ.” ಹೇಳುತ್ತಾ ಅವಳು ಅವನನ್ನು ಕನ್ನಡಕದ ಮೇಲಿಂದ ಒಮ್ಮೆ ನೋಡಿದಳು. ಮೆಟ್ಟಿಲಿಳಿಯುವಾಗ ಮತ್ತೊಮ್ಮೆ ತಿರುಗಿ ನೋಡಿದಳು.

ಹಯವದನ ಬಾಗಿಲು ಹಾಕಿ ಫೋನಿಗೆ ಬಿದ್ದ. ಸದಾಶಿವ ಭಟ್ಟರ ಹೋಟೆಲಿನಲ್ಲಿ ದೋಸೆಯ ಗಲಾಟೆ.

“ಊರಿಗೆ ಹೋಗಿದ್ದಾಳೆ ಅಂತ ಹೇಳಿ ಮಾರಾಯ್ರೇ!”

“ಯಾವಾಗ ಹೋದದ್ದು? ಈಗಷ್ಟೇ ಸ್ನಾನಕ್ಕೆ ಕಳಿಸಿದ್ದೇನೆ. ಸೀರೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಾ ಉಂಟು.”

“ಹಾಗಾದರೆ ಹುಷಾರಿಲ್ಲ ಅನ್ನಿ.”

“ನೆಲಮಹಡಿಯಲ್ಲಿ ಡಾಕ್ಟರು ಇದ್ದಾರೆ. ಹಂಸಾಬೆನ್ ಆ ಡಾಕ್ಟರನ್ನು ರಟ್ಟೆ ಹಿಡಿದು ತರುತ್ತಾರೆ.”

“ಸತ್ತುಹೋದಳು ಅಂದರೆ?”

“ಸತ್ತರೆ ಇಪ್ಪತ್ತನಾಲ್ಕು ಮನೆಯವರೂ ಹೆಣ ಎತ್ತಲಿಕ್ಕೆ ಬರುತ್ತಾರೆ, ಭಟ್ರೇ! ಎತ್ತಲಿಕ್ಕೆ ಹೆಣ ಎಲ್ಲಿಂದ ತರುವುದು?”

ಆಚೆ ಭಟ್ಟರು ಸಾಂಬಾರಿನ ಉರಿ ತಗ್ಗಿಸಲು ಯಾರಿಗೋ ಕೂಗಿ ಹೇಳಿದರು. ಆಮೇಲೆ ಫೋನಿಗೆ ಎಂದರು: “ನಿಮಗಿಂತ ಮದುವೆ ಆದವರೇ ಆರಾಮ ಮಾರಾಯ್ರೇ. ನಮಗೆ ಇರುವ ಹೆಂಡತಿಯನ್ನು ಸುಧಾರಿಸಿದರೆ ಸಾಕು.” ಫೋನು ಇಟ್ಟರು.

*

ಹನ್ನೊಂದು ಗಂಟೆಗೆ ಎರಡನೆಯ ದಾಳಿ. ಈ ಸಲ ಏಳು ಮಂದಿ ಹೆಂಗಸರು, ಎಲ್ಲರೂ ರೇಷ್ಮೆ ಸೀರೆಯಲ್ಲಿ. ಅಂದು ರಾಖಿಯ ಹುಣ್ಣಿಮೆ. ಅಣ್ಣತಮ್ಮಂದಿರ ಆರತಿ ಮುಗಿಸಿ, ತಟ್ಟೆಯಲ್ಲಿ ಕುಂಕುಮ, ಅಕ್ಷತೆ, ಪೇಡೆಗಳನ್ನು ಹಿಡಿದುಕೊಂಡೇ ಅವರು ನೇರವಾಗಿ ಮೇಲೆ ಬಂದಿದ್ದರು. ಹಿಂದೆ ಮಂದಾಕಿನಿ. ಅವಳ ಹಿಂದೆ ಗಲಾಟೆ ಏನೆಂದು ನೋಡಲು ಬಂದ ರಮಣಿಕ್‌ಭಾಯ್. ಚೇರ್ಮನ್ನರ ಮುಖ ಗಂಭೀರವಾಗಿತ್ತು.

“ಮೂರು ತಾಸಿನಿಂದ ಸ್ನಾನ,” ಎಂದರು ಹಂಸಾಬೆನ್. “ನೀರಿನ ಟ್ಯಾಂಕಿ ಸೊಸೈಟಿಯದು. ಭಾಭಿ ಎಲ್ಲಿ?”

ಹಯವದನ ಮಲಗುವ ಕೋಣೆಯ ಮುಚ್ಚಿದ ಬಾಗಿಲನ್ನು ನೋಡಿದ, ತಟ್ಟೆಯನ್ನು ನೋಡಿದ, ತಟ್ಟೆಯ ಕುಂಕುಮವನ್ನು ನೋಡಿದ. ಅವನ ಬುದ್ಧಿಗೆ ಎಂಟು ತಿಂಗಳಲ್ಲಿ ಬಾರದ ಹೊಳಪು ಆಗ ಬಂದಿತು.

“ವ್ರತದಲ್ಲಿದ್ದಾಳೆ,” ಎಂದ. “ಇವತ್ತೇ ಹಿಡಿದದ್ದು. ಶ್ರಾವಣದ ಹುಣ್ಣಿಮೆಯಿಂದ ಹದಿನಾರು ದಿನ. ಮೌನಮಂಗಳ ವ್ರತ. ಮಾತಾಡುವ ಹಾಗಿಲ್ಲ, ಯಾರೂ ಮುಖ ನೋಡುವ ಹಾಗಿಲ್ಲ.”

ವ್ರತವೆಂಬ ಶಬ್ದ ಬಿದ್ದದ್ದೇ ತಡ, ಏಳು ಮಂದಿಯ ಏಳು ಸೆರಗುಗಳು ತಲೆಯ ಮೇಲೇರಿದವು. ಹಯವದನ ನೆಮ್ಮದಿಯ ಉಸಿರು ಬಿಟ್ಟ. ಆದರೆ ಅವನ ಎಣಿಕೆ ತಪ್ಪಿತ್ತು. ವ್ರತದ ವಿಷಯದಲ್ಲಿ ಅವನೆದುರು ನಿಂತಿದ್ದವರು ಅನುಭವಸ್ಥರು. ಸೋಮವಾರದಿಂದ ಭಾನುವಾರದವರೆಗೆ ಯಾವುದಾದರೊಂದು ದೇವತೆಯ ಹೆಸರಿನಲ್ಲಿ ಏನಾದರೊಂದನ್ನು ಬಿಟ್ಟವರು. ಅವರು ಚಾಪೆಯ ಮೇಲೆ ಸಾಲಾಗಿ ಕುಳಿತರು.

“ಕಥೆ ಹೇಳಿ,” ಎಂದರು ಹಂಸಾಬೆನ್.

“ಯಾವ ಕಥೆ?”

“ವ್ರತದ ಕಥೆ! ಕಥೆ ಇಲ್ಲದ ವ್ರತ ಎಲ್ಲಾದರೂ ಇದೆಯೇ?”

ಹಯವದನ ಬದುಕಿನಲ್ಲಿ ಬರೆದಿದ್ದ ಕಥೆಗಳೆಲ್ಲ ವಿಮೆಯ ಹಕ್ಕು ಪರಿಶೀಲನೆಯ ವರದಿಗಳು. ಆ ಬಂಡವಾಳದಿಂದಲೇ ಹೊರಟ. ಕಡಲತೀರದ ಒಂದು ಊರು. ಅಲ್ಲೊಬ್ಬ ಸೆಟ್ಟಿ. ಅವನ ಹೆಂಡತಿಗೆ ಮಾತು, ಮಾತು, ನಿದ್ದೆಯಲ್ಲೂ ಮಾತು. ಸಹಿಸಲಾರದೆ ಸೆಟ್ಟಿ ಹಡಗು ಹತ್ತಿ ಹೋದ. ಹಡಗು ಮುಳುಗಿತು. ಇಲ್ಲಿ ಹಯವದನ ಮುಳುಗಿದ ಸರಕಿನ ವಿವರಕ್ಕೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡನೆಂದು ಸೂರತ್ತಿನವರೆಲ್ಲ ಒಪ್ಪುತ್ತಾರೆ: ಮೆಣಸು ಎಷ್ಟು ಮೂಟೆ, ಅದರಲ್ಲಿ ನೆನೆದದ್ದೆಷ್ಟು, ತೇಲಿದ್ದೆಷ್ಟು. ಕೊನೆಗೆ ದೇವಿ ಕನಸಿನಲ್ಲಿ ಬಂದು ಸೆಟ್ಟಿಯ ಹೆಂಡತಿಗೆ ಹೇಳಿದಳು: ಹದಿನಾರು ದಿನ ಕೋಣೆಯೊಳಗೆ ಮೌನವಾಗಿರು. ಹದಿನೇಳನೆಯ ದಿನ ಸೆಟ್ಟಿ ಒಂದು ಹಲಗೆ ಹಿಡಿದು ದಡಕ್ಕೆ ಬಂದ.

ಹೆಂಗಸರು ಕಣ್ಣೊರೆಸಿಕೊಂಡರು. ಒಬ್ಬರು, “ಅವಳು ಮತ್ತೆ ಮಾತಾಡಲು ಶುರು ಮಾಡಿದ ಮೇಲೆ ಸೆಟ್ಟಿ ಉಳಿದನೇ?” ಎಂದು ಕೇಳಿದರು.

“ಕಥೆಯಲ್ಲಿ ಅದಿಲ್ಲ,” ಎಂದ ಹಯವದನ.

ಬಾಗಿಲಿಗೊರಗಿ ನಿಂತಿದ್ದ ರಮಣಿಕ್‌ಭಾಯಿಯ ಮುಖ ಮೊದಲ ಬಾರಿಗೆ ಅರಳಿತು. “ಹಯವದನ್‌ಭಾಯ್, ಈ ವ್ರತವನ್ನು ಗುಜರಾತಿ ಹೆಂಗಸರೂ ಮಾಡಬಹುದೇ?” ಎಂದು ಮೆಲ್ಲಗೆ ಕೇಳಿದರು.

“ಧಾರಾಳವಾಗಿ.”

“ಹದಿನಾರೇ ದಿನವೋ, ಹೆಚ್ಚಿಗೆ ಮಾಡಿದರೆ ಹೆಚ್ಚು ಫಲವೋ?”

ಹಂಸಾಬೆನ್ ಗಂಡನತ್ತ ತಿರುಗಿ ಒಂದು ನೋಟ ಬೀರಿದರು. ಚೇರ್ಮನ್ನರು ಮತ್ತೆ ಗಂಭೀರರಾದರು. ಆಮೇಲೆ ಹಂಸಾಬೆನ್ ಮಂದಾಕಿನಿಯತ್ತ ತಿರುಗಿದರು. “ನಿಮ್ಮ ಕಡೆ ಈ ವ್ರತ ಇದೆಯೇ ಬೆನ್?”

ಮಂದಾಕಿನಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ಹಿಂದಿಯಲ್ಲಿ ನಿಧಾನವಾಗಿ ಹೇಳಿದಳು: “ನಮ್ಮ ಕಡೆ ನಾನು ಕೇಳಿಲ್ಲ. ಇವರದು ಸಮುದ್ರದ ಕಡೆ. ಸಮುದ್ರದ ಕಡೆಯವರು ಏನು ಬೇಕಾದರೂ ಮಾಡುತ್ತಾರೆ.”

“ಹಾಗಾದರೆ ನೀವೇ ಒಳಗೆ ಹೋಗಿ ನೋಡಿಕೊಂಡು ಬನ್ನಿ,” ಎಂದರು ಹಂಸಾಬೆನ್.

“ಇಲ್ಲ ಇಲ್ಲ, ವ್ರತ ಕೆಡುತ್ತದೆ!” ಎಂದು ಹಯವದನ ಬಾಗಿಲಿಗೆ ಅಡ್ಡ ನಿಂತ.

“ಏಕೆ ಕೆಡುತ್ತದೆ? ನಮ್ಮಲ್ಲಿ ಉಪವಾಸವೆಂದರೆ ಉಪವಾಸವೇ, ಆದರೂ ಉಪವಾಸಕ್ಕೆ ನಡೆಯುವ ಫರಾಳಿ ತಿಂಡಿ ಇದೆ: ಚೇವ್ಡಾ ತಿನ್ನಬಹುದು, ಸಾಬುದಾಣೆ ತಿನ್ನಬಹುದು, ಬಟಾಟೆ ತಿನ್ನಬಹುದು. ನಿಮ್ಮ ಮೌನದಲ್ಲೂ ಏನಾದರೊಂದು ಫರಾಳಿ ಇರಲೇಬೇಕು. ತನ್ನ ಭಾಷೆಯ ಸುವಾಸಿನಿಯೊಬ್ಬಳು ಮುಖ ನೋಡಿದರೆ ದೋಷವಿಲ್ಲ.” ಅವರು ಉಳಿದವರತ್ತ ನೋಡಿದರು. “ಹೌದೋ ಅಲ್ಲವೋ?”

ಆರು ತಲೆಗಳು ಹೌದೆಂದವು. ಹೀಗೆ, ಹುಟ್ಟಿ ಕಾಲು ಗಂಟೆಯೂ ಆಗದ ವ್ರತಕ್ಕೆ ತಿದ್ದುಪಡಿಯಾಯಿತು. ತಾನು ಹುಟ್ಟಿಸಿದ ಶಾಸ್ತ್ರದಲ್ಲಿ ತನ್ನ ಮಾತಿಗೇ ಬೆಲೆಯಿಲ್ಲದಿರುವುದನ್ನು ಹಯವದನ ಕಣ್ಣಾರೆ ಕಂಡ.

ರಮಣಿಕ್‌ಭಾಯ್ ಗಂಟಲು ಸರಿಪಡಿಸಿಕೊಂಡರು. “ನೋಡಿ ಹಯವದನ್‌ಭಾಯ್, ಕಮಿಟಿಯಲ್ಲಿ ಕೆಲವರು ಏನೇನೋ ಹೇಳುತ್ತಿದ್ದಾರೆ. ಎಂಟು ತಿಂಗಳಾಯಿತು, ಯಾರೂ ಭಾಭಿಯನ್ನು ಕಂಡಿಲ್ಲ. ಇವರು ನೋಡಿ ಬಂದರೆ ಆ ಬಾಯಿಗಳು ಮುಚ್ಚುತ್ತವೆ. ಇಲ್ಲದಿದ್ದರೆ…” ಅವರು ಮಾತು ಮುಗಿಸಲಿಲ್ಲ, ಕಿಟಕಿಯಿಂದ ಕೆಳಗೆ ಬೀದಿಯತ್ತ ನೋಡಿದರಷ್ಟೆ. ಇಡ್ಲಿಪಾತ್ರೆ ಬೀದಿಗೆ ಬಿದ್ದಾಗ ಹೇಗೆ ಸದ್ದು ಮಾಡುತ್ತದೆಂಬುದು ಹಯವದನನಿಗೆ ಮೂರು ಸಲದ ಅಭ್ಯಾಸವಾಗಿತ್ತು.

ಮಂದಾಕಿನಿ ತಟ್ಟೆಯಿಂದ ಕುಂಕುಮದ ಬಟ್ಟಲೆತ್ತಿಕೊಂಡು ಎದ್ದಳು. ಅವನನ್ನು ಬಳಸಿಕೊಂಡು ಹೋಗಿ, ಬಾಗಿಲು ತೆರೆದು, ಒಳಗಿನಿಂದ ಮುಚ್ಚಿಕೊಂಡಳು.

ಒಳಗಿನಿಂದ ಮಾತು ಕೇಳಿಸಿತು. “ಪದ್ಮಾವತಿಯವರ? ನಾ ಕೆಳಗಿನ ಮನಿಯಾಕಿ… ಹಾಂ… ಇರ್ಲಿ ಇರ್ಲಿ, ಏಳಬ್ಯಾಡ್ರಿ…” ಹಯವದನ ಬಾಗಿಲಿಗೆ ಕಿವಿಗೊಟ್ಟ. ತನಗೇ ತಿಳಿಯದಂತೆ ಪದ್ಮಾವತಿ ನಿಜವಾಗಿಯೂ ಬಂದು ಕೂತಿದ್ದಾಳೋ ಎಂಬ ಸಂಶಯ ಅವನಿಗೆ ಹುಟ್ಟಿತು. ಎಂಟು ತಿಂಗಳು ಗೋಡೆಯೊಂದಿಗೆ ಜಗಳವಾಡಿದ ಮನುಷ್ಯನಿಗೆ ಯಾವುದೂ ಅಸಂಭವವಲ್ಲ.

ಐದು ನಿಮಿಷದ ಮೇಲೆ ಅವಳು ಹೊರಗೆ ಬಂದಳು. ಹಣೆಯಲ್ಲಿ ಹೊಸ ಕುಂಕುಮವಿತ್ತು. ಕೈ ಜೋಡಿಸಿ ಹಿಂದಿಯಲ್ಲಿ ಎಂದಳು: “ಸಾಕ್ಷಾತ್ ಗೌರಿ! ಏನು ಶಾಂತಿ, ಏನು ಮೌನ! ಅಂಥ ಮೌನವನ್ನು ನಾನು ಯಾವ ಹೆಂಗಸಿನಲ್ಲೂ ಕಂಡಿಲ್ಲ.”

ಏಳು ಮಂದಿ “ಜೈ ಅಂಬೇ!” ಎಂದರು. ರಮಣಿಕ್‌ಭಾಯ್ ಹಯವದನನ ಬೆನ್ನು ತಟ್ಟಿದರು.

ಮಂದಾಕಿನಿ ಪೇಡೆಯೊಂದನ್ನು ಅವನ ಕೈಗಿಡುತ್ತಾ, ತುಟಿಯ ಮೇಲಿನ ನಗೆಯನ್ನು ಒಂದಿಷ್ಟೂ ಕದಲಿಸದೆ, ಎಲ್ಲರೆದುರಿಗೇ ಕನ್ನಡದಲ್ಲಿ ಹೇಳಿದಳು: “ನಗ್ರೀ. ಒಳಗ ಯಾರೂ ಇಲ್ಲ.”

ಹಯವದನ ನಕ್ಕ. ಅದು ಹಲ್ಲಿನ ವೈದ್ಯರಿಗೆ ತೋರಿಸುವ ನಗೆಯಾಗಿತ್ತು.

“ಏನಂದರು?” ಎಂದರು ಹಂಸಾಬೆನ್.

“ನನ್ನ ಹೆಂಡತಿ ತುಂಬ ಬಡವಾಗಿದ್ದಾಳಂತೆ.”

“ಹಾಸಿಗಿ ಒಂದ, ದಿಂಬು ಒಂದ, ಚಪ್ಪಲಿ ಒಂದ ಜೋಡಿ,” ಎಂದು ಮಂದಾಕಿನಿ ಸೌಭಾಗ್ಯವತಿಯ ಸವಿದನಿಯಲ್ಲಿ ಮುಂದುವರಿಸಿದಳು. “ಖರೇ ಹೇಳ್ಬೇಕಂದ್ರ ನನಗ ಬೆಳಿಗ್ಗೆನ ಗೊತ್ತಾತು. ತೆಳ್ಳನೆಯ ಜುಬ್ಬಾದಾಗ ನಿಮ್ಮ ಜನಿವಾರ ಒಂಟಿ ಕಾಣಸ್ತದ. ಮದಿವಿ ಆದವರು ಜೋಡಿ ಹಾಕ್ಕೋತಾರ. ಇವರಿಗೆ ಗೊತ್ತಾಗೂದಿಲ್ಲ, ನಮ್ಮಂಥವರಿಗೆ ಗೊತ್ತಾಗ್ತದ.”

“ದಮ್ಮಯ್ಯ, ಇವರಿಗೆ ಹೇಳಬೇಡಿ,” ಎಂದ ಹಯವದನ, ನಗುತ್ತಲೇ. “ಸಂಜೆಯೊಳಗೆ ನನ್ನ ಪೆಟ್ಟಿಗೆ ಬೀದಿಯಲ್ಲಿ ಇರುತ್ತದೆ.”

“ಹೇಳೂದಿಲ್ರೀ. ಹೇಳಿದ್ರ ಅದರ ಬಾಜೂಕ ನಮ್ಮ ಪೆಟ್ಟಿಗಿನೂ ಬಂದು ಕೂಡತಾವ.”

“ಅಂದರೆ?”

“ಪದ್ಮನಾಭ ನನ್ನ ಗಂಡ ಅಲ್ಲ. ನಮ್ಮಣ್ಣ.”

ಹಯವದನನ ಕೈಯಿಂದ ಪೇಡೆ ಜಾರಿತು. ಹಂಸಾಬೆನ್ ಅದನ್ನು ತಟ್ಟೆಯಲ್ಲಿ ಹಿಡಿದರು. “ಈಗೇನಂದರು?”

“ಸಾರಿನ ಪುಡಿ… ಸಾರಿನ ಪುಡಿ ಮಾಡುವ ಕ್ರಮ.”

“ನಾವು ಇಬ್ರೂ ಮದಿವಿ ಆಗಿಲ್ಲ,” ಎಂದು ಮಂದಾಕಿನಿ ಹಂಸಾಬೆನ್ನರಿಗೆ ಅರ್ಥವಾಗಲೆಂಬಂತೆ ಬೆರಳಿನಲ್ಲಿ ಚಿಟಿಕೆ ಅಳೆದು ತೋರಿಸಿದಳು. “ನಮ್ಮವ್ವ ಹ್ವಾದ ಮ್ಯಾಲ ನಾ ಟೀಚರ್ ನೌಕರಿ ಬಿಟ್ಟು ಅವನ ಜೋಡಿ ಬಂದೆ. ಈ ಸೊಸೈಟಿ ಫಾರಮ್ಮಿನ್ಯಾಗ ಎರಡ ಖಾನೆ ಅವ: ಪತಿ, ಪತ್ನಿ. ಅಣ್ಣ-ತಂಗಿ ಅಂತ ಖಾನೆನ ಇಲ್ಲ. ಮದಿವಿ ಆಗದ ಗಂಡಸು ಒಬ್ಬ, ಮದಿವಿ ಆಗದ ಹೆಂಗಸು ಒಬ್ಬಾಕಿ ಅಂದ್ರ ಇವರ ಲೆಕ್ಕದಾಗ ಎರಡು ಗಂಡಾಂತರ. ಅಣ್ಣ ಒಂದು ಖಾನೆ ತುಂಬಿದ, ನಾ ಇನ್ನೊಂದು ತುಂಬಿದೆ. ಈ ಕರಿಮಣಿ ಚೌಟಾ ಬಜಾರಿಂದು.”

ಇಪ್ಪತ್ತಾರು ಹೆಣ್ಣುಗಳಿಗೆ ಬಡಿದುಕೊಳ್ಳದಿದ್ದ ಹಯವದನನ ಹೃದಯ ಇಪ್ಪತ್ತೇಳನೆಯದಕ್ಕೆ ಬಡಿದುಕೊಳ್ಳತೊಡಗಿತು. ಅವನು ಅವಳನ್ನು ನೋಡಿದ. ಇಲ್ಲದ ಹೆಂಡತಿಯ ಮಾನವನ್ನು ಇಷ್ಟು ಚೆಂದವಾಗಿ ಕಾಪಾಡಿದವಳು, ಇರುವ ಗಂಡನ ಮಾನವನ್ನು ಎಷ್ಟು ಕಾಪಾಡಿಯಾಳು! ಅವಳೂ ನೋಡಿದಳು. ಕನ್ನಡಕದ ಹಿಂದೆ ಏನೋ ಒಂದು ಮೃದುವಾಯಿತೆಂದು ಅವನಿಗೆ ತೋರಿತು. ಗಾಜಿನ ಮೇಲಿನ ಬೆಳಕೂ ಇದ್ದೀತು, ಆದರೆ ನಲವತ್ತೊಂದರಲ್ಲಿ ಮನುಷ್ಯ ಅಷ್ಟನ್ನೆಲ್ಲ ಪರಿಶೀಲಿಸುವುದಿಲ್ಲ.

ಒಂದು ವರ್ಷದ ಕೆಲಸವನ್ನು ಒಂದು ನಿಮಿಷದಲ್ಲಿ ಮಾಡಬೇಕಾಗಿತ್ತು. ನೆರೆದ ಎಂಟು ಮಂದಿಗೆ ಒಂದಕ್ಷರವೂ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ ಅವನು ಕೇಳಿಯೇಬಿಟ್ಟ.

“ತಪ್ಪು ತಿಳಿಯಬೇಡಿ. ನಿಮ್ಮ ಗೋತ್ರ ಯಾವುದು?”

ಮಂದಾಕಿನಿಯ ಕೆನ್ನೆ ಕೆಂಪಾಯಿತು. “ಕಾಶ್ಯಪ. ನಿಮ್ಮದು?”

“ಭಾರದ್ವಾಜ.”

“ಗೋತ್ರ?” ಎಂದರು ಹಂಸಾಬೆನ್.

ಹಯವದನ ಬೆಚ್ಚಿದ. ಕನ್ನಡವೆಂಬ ತನ್ನ ಕೋಟೆಯಲ್ಲಿ ಗುಜರಾತಿಗೂ ತೆರೆಯುವ ಕಿಟಕಿಗಳಿವೆಯೆಂಬುದು ಅವನಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

“ಸಾರಿನ ಪುಡಿಗೆ ಗೋತ್ರವೇ?” ಎಂದು ಹಂಸಾಬೆನ್ ಒಬ್ಬರಾದ ಮೇಲೊಬ್ಬರನ್ನು ನೋಡಿದರು. “ಬೇರೆಯವರ ಹೆಂಡತಿಯ ಗೋತ್ರ ನಿಮಗೇಕೆ?”

ರಮಣಿಕ್‌ಭಾಯಿಯ ಮುಖ ಕಿಟಕಿಯ ಕಡೆ ತಿರುಗತೊಡಗಿತು.

“ಅದು… ನಮ್ಮ ಕಡೆ ಪದ್ಧತಿ,” ಎಂದು ಹಯವದನ ತೊದಲಿದ. “ಪರವೂರಲ್ಲಿ ನಮ್ಮವರು ಸಿಕ್ಕರೆ ಕೇಳುತ್ತೇವೆ. ಬಂಧುಗಳೇನಾದರೂ ಆಗಬೇಕೋ ಎಂದು ತಿಳಿಯಲಿಕ್ಕೆ.”

“ಬಂಧುಗಳು!” ಹಂಸಾಬೆನ್ನರ ಮುಖದ ಮೋಡ ಚದುರಿ, ಬಿಸಿಲು ಬಿದ್ದಿತು. “ಮತ್ತೆ ಮೊದಲೇ ಹೇಳಬಾರದೇ! ಮಂದಾಕಿನೀಬೆನ್, ನಿಮಗೆ ಅಣ್ಣಂದಿರಿದ್ದಾರೆಯೇ?”

ಅದೇ ಹೊತ್ತಿಗೆ, ಹೆಂಡತಿಯೆಂಬ ತಂಗಿಯನ್ನು ಹುಡುಕಿಕೊಂಡು ಪದ್ಮನಾಭ ಮೇಲೆ ಬಂದು ಬಾಗಿಲಲ್ಲಿ ನಿಂತಿದ್ದ: ಅವಳಷ್ಟೇ ಎತ್ತರ, ಅವಳದೇ ಮೂಗು. ಇಪ್ಪತ್ತನಾಲ್ಕು ಮನೆಯವರಲ್ಲಿ ಯಾರೂ ಆ ಎರಡು ಮೂಗುಗಳನ್ನು ಜೊತೆಯಲ್ಲಿಟ್ಟು ನೋಡದೆ ಇದ್ದದ್ದು ಆಶ್ಚರ್ಯ. ಮಂದಾಕಿನಿ ಅವನತ್ತ ನೋಡದೆ, ಬೆಳಗಿನಿಂದ ಮೊದಲ ಬಾರಿಗೆ ತನ್ನ ಸಂಸಾರದ ನಿಜವನ್ನು ಹಿಂದಿಯಲ್ಲಿ ನುಡಿದಳು.

“ಒಬ್ಬರಿದ್ದಾರೆ.”

“ಎಲ್ಲಿ?”

“ಇದ್ದಾರೆ. ಇವತ್ತಿನ ದಿವಸ ಕೈಗೆ ಸಿಗೋ ಹಾಗಿಲ್ಲ.”

“ಹಾಯ್ ಹಾಯ್! ರಾಖಿಯ ದಿನ, ಅಣ್ಣ ದೂರ!” ಹಂಸಾಬೆನ್ನರ ಕಣ್ಣು ತುಂಬಿತು. “ಪದ್ಮನಾಭ್‌ಭಾಯ್, ನೋಡಿ ನಿಮ್ಮ ಹೆಂಡತಿಯ ದುಃಖ! ನಿಮ್ಮಂಥ ಗಂಡಸರಿಗೆ ಇದೆಲ್ಲ ಎಲ್ಲಿ ಹೊಳೆಯುತ್ತದೆ? ಭಾಷೆ ಒಂದು, ದೇಶ ಒಂದು, ಗೋತ್ರ ಕೂಡ ವಿಚಾರಿಸಿ ಆಯಿತು. ದೇವರೇ ಮೇಲಿನ ಮಹಡಿಯಲ್ಲಿ ಅಣ್ಣನನ್ನು ಇಟ್ಟಿದ್ದಾನೆ!”

“ಬೇಡ, ಬೇಡ,” ಎಂದ ಹಯವದನ. “ಗೋತ್ರ ಬೇರೆ ಬೇರೆ! ಬೇಕಾದರೆ ಅವರನ್ನೇ ಕೇಳಿ!”

“ಗೋತ್ರ ಬೇರೆಯಾದರೇನಾಯಿತು? ರಾಖಿಗೆ ಗೋತ್ರ ಅಡ್ಡ ಬರುವುದಿಲ್ಲ. ಅದೇನು ಮದುವೆಯೇ?”

ಉಳಿದದ್ದನ್ನು ಏಳು ಮಂದಿ ಸೇರಿ ಮಾಡಿದರು. ಒಬ್ಬರು ಹಯವದನನನ್ನು ಮಣೆಯ ಮೇಲೆ ಕೂರಿಸಿ ತಲೆಗೆ ಕರವಸ್ತ್ರ ಹೊದಿಸಿದರು. ಇನ್ನೊಬ್ಬರು ಹಣೆಗೆ ಕುಂಕುಮ ತೀಡಿ ಅಕ್ಷತೆ ಅಂಟಿಸಿದರು. ತಟ್ಟೆಯಲ್ಲಿ ಉಳಿದಿದ್ದ ರಾಖಿ ಸಾಮಾನ್ಯದ್ದಲ್ಲ. ಜರಿಯ ಕಸಬಿಗೆ ಹೆಸರಾದ ಊರಿನದು, ಅಂಗೈಯಷ್ಟು ಅಗಲದ ಹೂವು, ನಡುವೆ ಕನ್ನಡಿ. ಅದನ್ನು ಕಂಡು ಪದ್ಮನಾಭನ ಬಲಗೈ ಮೂವತ್ತು ವರ್ಷದ ರೂಢಿಯಿಂದ ತಾನೇ ತಾನಾಗಿ ಮುಂದೆ ಚಾಚಿಕೊಂಡಿತು. ಅವನು ಅದನ್ನು ಅವಸರದಿಂದ ಜೇಬಿಗೆ ತುರುಕಿಕೊಂಡ.

ಮಂದಾಕಿನಿ ಹಯವದನನ ಎದುರು ಕುಳಿತಳು. ಮುಂಗೈ ಹಿಡಿದಳು. ಹೆಣ್ಣೊಬ್ಬಳು ತಾನಾಗಿ ಬಂದು ಅವನ ಕೈ ಹಿಡಿದದ್ದು ಅದೇ ಮೊದಲು. ಸುತ್ತಲೂ ಅಕ್ಷತೆ ಹಿಡಿದು ನಿಂತ ಸುವಾಸಿನಿಯರು, ಮುಂದೆ ದೀಪ, ಬಾಗಿಲಲ್ಲಿ ಒಪ್ಪಿಗೆಯಿಂದ ತಲೆಯಾಡಿಸುವ ಹೆಣ್ಣಿನ ಅಣ್ಣ. ಏನೊಂದೂ ಕಡಿಮೆಯಿರಲಿಲ್ಲ.

“ಹೆದರಬ್ಯಾಡ್ರಿ,” ಎಂದು ಅವಳು ತಲೆ ಬಗ್ಗಿಸಿಕೊಂಡೇ ಪಿಸುಗುಟ್ಟಿದಳು. “ನಾ ಸಡ್ಲ ಕಟ್ಟತೀನಿ. ಸಂಜಿಗೆ ತಾನ ಬಿಚ್ಚಿ ಬೀಳ್ತದ. ಆಮ್ಯಾಲ ಏನರ ವಿಚಾರ ಮಾಡೂಣು.”

ಹಯವದನನ ಎದೆಯಲ್ಲಿ ಒಂದು ಸಣ್ಣ ದೀಪ ಮತ್ತೆ ಹೊತ್ತಿಕೊಂಡಿತು. ಅವಳು ನೂಲಿನ ಎರಡು ತುದಿಗಳನ್ನು ಒಂದರ ಮೇಲೊಂದು ದಾಟಿಸಿ, ಗಂಟಿನ ನೆಪಕ್ಕೊಂದು ಕುಣಿಕೆ ಮಾಡಿ, ಕೈ ಬಿಟ್ಟಳು. ಏಳು ಮಂದಿಯೂ ಅಕ್ಷತೆ ಎರಚಿದರು.

ಹಂಸಾಬೆನ್ ಮಾತ್ರ ಬಗ್ಗಿ ನೋಡಿದರು. “ಅರೇ, ಇದೇನು ಕಟ್ಟಿದ್ದು? ಮೊದಲ ಸಲ ಆದ್ದರಿಂದ ಪಾಪ, ನಾಚಿಕೆ,” ಎಂದು ಮಂದಾಕಿನಿಯನ್ನು ಪಕ್ಕಕ್ಕೆ ಸರಿಸಿದರು. ಹಯವದನನ ಕೈಯನ್ನು ತಮ್ಮ ಮಂಡಿಯ ಮೇಲೆಳೆದುಕೊಂಡು, ನೂಲನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದು ಗಂಟು ಹಾಕಿದರು. ಅದರ ಮೇಲೆ ಇನ್ನೊಂದು. ಅದರ ಮೇಲೆ ಮತ್ತೊಂದು.

“ಹಾಂ, ಈಗ ಸರಿ,” ಎಂದು ಅವರು ಮುಂಗೈ ತಟ್ಟಿದರು. “ಮೂರು ಗಂಟು. ಏಳು ಜನ್ಮಕ್ಕೂ ಬಿಚ್ಚುವುದಿಲ್ಲ.”